ಉಸುಕಿಗೆ ಕಿವಿಗೊಡುವ ವಿದ್ಯೆ

ನೆಲವನ್ನು ಅಗೆಯದೆಯೇ ಒಳಗಿರುವ ಲೋಹದ ಸುಳಿವು ಕೊಡುವ ಸಾಧನ ಮೆಟಲ್ ಡಿಟೆಕ್ಟರ್. ಒಂದು ಉದ್ದನೆಯ ಕೋಲು, ಅದರ ಕೆಳತುದಿಗೆ ಜೋಳದ ರೊಟ್ಟಿಯಷ್ಟು ಅಗಲದ ತಟ್ಟೆ, ಮೇಲ್ತುದಿಗೆ ಬ್ಯಾಟರಿ ಮತ್ತು ಸಣ್ಣ ಪರದೆ, ಕಿವಿಗೆ ಹೆಡ್‌ಫೋನ್. ಇಷ್ಟೇ ಅದರ ಸರಂಜಾಮು. ತಟ್ಟೆಯ ಒಳಗೆ ತಾಮ್ರದ ತಂತಿಯ ಸುರುಳಿಗಳಿವೆ. ಕೊಂಡ ದಿನವೇ ಅದನ್ನು ಬೀಸಬಹುದು, ಆದರೆ ಅದು ಹೇಳುವುದನ್ನು ಅರ್ಥ ಮಾಡಿಕೊಳ್ಳಲು ತಿಂಗಳುಗಳು ಬೇಕು. ಆ ಕಲಿಕೆಗೆ ಎಲ್ಲರೂ ಹೇಳುವ ಜಾಗ ಒಂದೇ, ಉಸುಕು. ಉಸುಕು ಸಡಿಲ, ಅಗೆಯಲು ಗುದ್ದಲಿ ಬೇಡ, ಬೇರಿನ ಕಾಟವಿಲ್ಲ, ಮುಚ್ಚಿದರೆ ಗುರುತೂ ಉಳಿಯುವುದಿಲ್ಲ.

ಉಸುಕೆಂದರೆ ಸಮುದ್ರದಂಡೆಯೇ ಆಗಬೇಕಿಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಸೀಮೆಗೆ ಕಡಲು ನೂರಾರು ಕಿಲೋಮೀಟರ್ ದೂರ. ಆದರೆ ಹೊಳೆಯ ಉಸುಕು ಇಲ್ಲಿ ಮನೆಬಾಗಿಲಿಗಿದೆ. ಮಹಾರಾಷ್ಟ್ರ, ಕರ್ನಾಟಕಗಳನ್ನು ದಾಟಿ ಬಂದ ಕೃಷ್ಣೆ ತಂಗಡಿಯ ಬಳಿ ತೆಲಂಗಾಣದ ಅಂಚನ್ನು ಮುಟ್ಟುತ್ತಾಳೆ. ಭೀಮೆ ಅವಳನ್ನು ಕೂಡಿಕೊಳ್ಳುವುದೂ ಅಲ್ಲಿಯೇ. ಅಲ್ಲಿಂದ ಕೃಷ್ಣಾ ರೈಲು ನಿಲ್ದಾಣದ ಊರು, ಮಕ್ತಲದ ಕೆಳಗಿನ ಪಸ್ಪುಲ, ಜುರಾಲದ ಅಣೆಕಟ್ಟು, ಗದ್ವಾಲ, ಬೀಚುಪಲ್ಲಿ ಹೀಗೆ ಹೊಳೆ ಪೂರ್ವಕ್ಕೆ ಸಾಗುತ್ತದೆ. ಗದ್ವಾಲ ಎರಡು ಹೊಳೆಗಳ ನಡುವಿನ ನೆಲ. ಬಡಗಕ್ಕೆ ಕೃಷ್ಣೆ, ತೆಂಕಕ್ಕೆ ತುಂಗಭದ್ರೆ ಇರುವುದರಿಂದ ಅದಕ್ಕೆ ನಡಿಗಡ್ಡ ಎಂಬ ಹೆಸರು ಬಂದಿದೆ. ಆಲಂಪುರ ದಾಟಿದ ಮೇಲೆ ಎರಡೂ ಹೊಳೆಗಳು ಕೂಡುತ್ತವೆ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಆ ಮಾತಿನಲ್ಲಿ ಮರಳೆಂದರೆ ಉಸುಕು, ನದಿಯೆಂದರೆ ಹೊಳೆ, ದಡವೆಂದರೆ ದಂಡಿ. ಮಾರ್ಚಿನಿಂದ ಮೇ ಕೊನೆಯವರೆಗೆ, ಹೊಳೆ ಸೊರಗಿ ಬಂಡೆಗಳ ನಡುವೆ ಉಸುಕು ಮೈಚಾಚಿದಾಗ, ಡಿಟೆಕ್ಟರ್ ಹಿಡಿದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಮೊದಲು ಸಾಧನದ ಕೆಲಸವನ್ನು ತಿಳಿಯಬೇಕು. ತಟ್ಟೆಯ ಒಂದು ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತ ಹರಿಯುತ್ತದೆ. ನಾಣ್ಯಗಳನ್ನು ಹುಡುಕುವ ಸಾಮಾನ್ಯ ಯಂತ್ರಗಳಲ್ಲಿ ಇದು 5ರಿಂದ 20 ಕಿಲೋಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಇದರಿಂದ ತಟ್ಟೆಯ ಕೆಳಗೆ ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರದೊಳಗೆ ನಾಣ್ಯವೊಂದು ಬಿದ್ದಿದ್ದರೆ ಅದರ ಮೈಯಲ್ಲಿ ಸಣ್ಣ ವಿದ್ಯುತ್ ಪ್ರವಾಹಗಳು ಸುತ್ತತೊಡಗುತ್ತವೆ. ವಿಜ್ಞಾನದ ಪುಸ್ತಕಗಳು ಇವನ್ನು ಸುಳಿಪ್ರವಾಹ ಎನ್ನುತ್ತವೆ. ಹೊಳೆಯ ಸುಳಿಯನ್ನು ಕಂಡವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. ಈ ಸುಳಿಗಳು ತಮ್ಮದೇ ಪುಟ್ಟ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತವೆ, ತಟ್ಟೆಯ ಇನ್ನೊಂದು ಸುರುಳಿ ಅದನ್ನು ಹಿಡಿದು ಸದ್ದಾಗಿಸುತ್ತದೆ. ಮರುದನಿ ಎಷ್ಟು ತಡವಾಗಿ ಬಂತು ಎಂಬುದರ ಮೇಲೆ ಲೋಹದ ಜಾತಿಯನ್ನು ಯಂತ್ರ ಊಹಿಸುತ್ತದೆ. ಬೆಳ್ಳಿ, ತಾಮ್ರಗಳಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಸುಳಿ ಹೆಚ್ಚು ಹೊತ್ತು ನಿಲ್ಲುತ್ತದೆ; ತೆಳು ತಗಡಿನಲ್ಲಿ ಬೇಗ ಸಾಯುತ್ತದೆ. ಪರದೆಯ ಮೇಲೆ ಮೂಡುವ ಅಂಕಿ ಈ ತಡದ ಅಳತೆಯೇ. ಅದು ಲೋಹದ ಹೆಸರಲ್ಲ. ಹೊಸಬರು ಈ ಒಂದು ಮಾತನ್ನು ಮರೆತು ಬಹಳ ಕೆಡುತ್ತಾರೆ. ಸಣ್ಣ ಬಂಗಾರದ ಉಂಗುರವೂ ಮಡಚಿದ ಅಲ್ಯುಮಿನಿಯಂ ಹಾಳೆಯೂ ಒಂದೇ ಅಂಕಿ ತೋರಿಸಬಲ್ಲವು. ತಗಡೆಂದು ಬಿಟ್ಟುಹೋದವರು ಬಂಗಾರವನ್ನೂ ಬಿಟ್ಟುಹೋಗಿರುತ್ತಾರೆ.

ಆಳದ ಲೆಕ್ಕ ಇನ್ನೂ ಕಠಿಣ. ನಾಣ್ಯದ ದೂರ ಎರಡರಷ್ಟಾದರೆ ಮರುದನಿ ಅರ್ಧವಾಗುವುದಿಲ್ಲ, ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೋಗುವಾಗಲೂ ಬರುವಾಗಲೂ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಸೊರಗುವುದೇ ಇದಕ್ಕೆ ಕಾರಣ. ಹೀಗಾಗಿ ರೂಪಾಯಿ ನಾಣ್ಯವನ್ನು ತಟ್ಟೆಯ ಅಗಲದಷ್ಟು ಆಳದಲ್ಲಿ, ಅಂದರೆ 20ರಿಂದ 28 ಸೆಂಟಿಮೀಟರಿನೊಳಗೆ, ಕಂಡರೆ ಅದೇ ದೊಡ್ಡದು. ನೆಲದೊಳಗೆ ಆಳುದ್ದ ಕೆಳಗಿರುವ ಕೊಪ್ಪರಿಗೆಯನ್ನು ತೋರಿಸುತ್ತದೆಂದು ಹೇಳಿ ಮಾರುವ ಯಂತ್ರಗಳ ಬಗ್ಗೆ ಕಲಿಯುವವರು ಎಚ್ಚರದಿಂದಿರಬೇಕು. ವಜ್ರವನ್ನು ತೋರಿಸುತ್ತದೆ ಎಂಬ ಮಾತು ಸುಳ್ಳೇ ಸರಿ. ನಾರಾಯಣಪೇಟೆಯ ಸುತ್ತ ಕಿಂಬರ್ಲೈಟ್ ಶಿಲೆಗಳಿರುವುದು ಭೂವಿಜ್ಞಾನಿಗಳಿಗೆ ಗೊತ್ತಿದೆ. ಜಗತ್ತಿನ ಹಲವೆಡೆ ವಜ್ರ ಸಿಗುವುದು ಆ ಬಗೆಯ ಕಲ್ಲಿನಲ್ಲಿಯೇ. ಆದರೆ ವಜ್ರ ಲೋಹವಲ್ಲ, ಅದರಲ್ಲಿ ಸುಳಿ ಏಳುವುದಿಲ್ಲ, ತಟ್ಟೆಯ ಮಟ್ಟಿಗೆ ಅದು ಬರಿ ಹರಳು.

ಈ ವಿದ್ಯೆಯ ಮೊದಲ ದೊಡ್ಡ ಸೋಲಿನಲ್ಲಿಯೇ ಒಂದು ಪಾಠವಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡರಿಗೆ ಗುಂಡು ತಗುಲಿತು. ಮೈಯೊಳಗೆ ಗುಂಡು ಎಲ್ಲಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಸುರುಳಿಗಳ ಯಂತ್ರವೊಂದನ್ನು ಕಟ್ಟಿ ತಂದರು. ಪ್ರಯೋಗಶಾಲೆಯಲ್ಲಿ ಅದು ಗುಂಡನ್ನು ಚೆನ್ನಾಗಿಯೇ ಹಿಡಿಯುತ್ತಿತ್ತು. ಅಧ್ಯಕ್ಷರ ಹಾಸಿಗೆಯ ಬಳಿ ಮಾತ್ರ ಎಲ್ಲೆಂದರಲ್ಲಿ ಸದ್ದು. ಹಾಸಿಗೆಯೊಳಗಿದ್ದ ಲೋಹದ ಸ್ಪ್ರಿಂಗುಗಳು ಯಂತ್ರವನ್ನು ಕೆಡಿಸಿದ್ದವು. ಗಾರ್ಫೀಲ್ಡ್ ಸೆಪ್ಟೆಂಬರ್ 19ರಂದು ತೀರಿಕೊಂಡರು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಝೆಫ್ ಕೊಸಾಟ್ಸ್ಕಿ ರೂಪಿಸಿದ ಯಂತ್ರ 1942ರಲ್ಲಿ ಎಲ್ ಅಲಮೇನಿನ ಮರುಭೂಮಿಯಲ್ಲಿ ನೆಲಬಾಂಬುಗಳನ್ನು ಹುಡುಕಿತು. ಅದೂ ಉಸುಕಿನ ಮೇಲಿನ ಕೆಲಸವೇ. ಇಂದು ಕೈಗೆ ಸಿಗುವ ಡಿಟೆಕ್ಟರುಗಳು ಆ ವಂಶದವು. ಬೆಲ್ಲರಿಗೆ ಆ ಹಾಸಿಗೆ ಕಲಿಸಿದ ಪಾಠವನ್ನು ಮಾತ್ರ ಪ್ರತಿಯೊಬ್ಬರೂ ಹೊಸದಾಗಿ ಕಲಿಯಬೇಕು. ಕೈಯ ಕಡಗ, ಬೆರಳ ಉಂಗುರ, ಕಾಲುಂಗುರ, ಜೇಬಿನ ಮೊಬೈಲು, ಸೊಂಟಕ್ಕೆ ಸಿಕ್ಕಿಸಿದ ಕುರ್ಚಿಗೆ, ಬೂಟಿನೊಳಗಿನ ಮೊಳೆ, ಇವೆಲ್ಲ ತಟ್ಟೆಯ ಹತ್ತಿರ ಬಂದರೆ ಯಂತ್ರ ಹುಡುಕುವವರನ್ನೇ ಹುಡುಕಿ ತೋರಿಸುತ್ತದೆ.

ಯಂತ್ರ ಅರ್ಥವಾದ ಮೇಲೆ ಉಸುಕು ಅರ್ಥವಾಗಬೇಕು. ಕೃಷ್ಣೆ, ಭೀಮೆಯರ ಮೇಲ್ಹರಿವಿನ ಬಹುಭಾಗ ದಖನ್ನಿನ ಕರಿಕಲ್ಲಿನ ನಾಡು. ಅದು ಬಸಾಲ್ಟ್, ಕಬ್ಬಿಣದ ಅಂಶ ತುಂಬಿದ ಕಲ್ಲು. ಅದು ಸವೆದು ಬಂದ ಉಸುಕಿನಲ್ಲಿ ಮ್ಯಾಗ್ನಟೈಟಿನ ಕರಿಹರಳುಗಳು ಬೆರೆತಿರುತ್ತವೆ. ಒಣ ಉಸುಕಿನಲ್ಲಿ ಅಯಸ್ಕಾಂತವನ್ನು ಎಳೆದಾಡಿದರೆ ಅದಕ್ಕೆ ಗಡ್ಡದಂತೆ ಕಪ್ಪು ಪುಡಿ ಹತ್ತುತ್ತದೆ. ತುಂಗಭದ್ರೆ ಬರುವುದು ಬೇರೆಯ ನೆಲದಿಂದ. ಮಲೆನಾಡಿನ ಹಳೆಯ ಶಿಲೆಗಳು, ಬಳ್ಳಾರಿ, ರಾಯಚೂರು ಕಡೆಯ ಗ್ರಾನೈಟು, ನೈಸ್ ಬಂಡೆಗಳು ಅದರ ದಾರಿ. ಬೆಣಚುಕಲ್ಲಿನ ಬಿಳಿ ಕಣಗಳು ಅದರಲ್ಲಿ ಹೆಚ್ಚು. ಸೊಂಡೂರಿನ ಕಬ್ಬಿಣದ ಬೆಟ್ಟಗಳೂ ಅದೇ ಜಲಾನಯನದಲ್ಲಿರುವುದರಿಂದ ಅಲ್ಲಿಯೂ ಕರಿಹರಳು ಇಲ್ಲವೆನ್ನುವಂತಿಲ್ಲ. ಕರಿಹರಳು ಲೋಹದ ತುಂಡಲ್ಲ; ಆದರೂ ಕಾಂತಕ್ಷೇತ್ರಕ್ಕೆ ಸ್ಪಂದಿಸುತ್ತದೆ, ತಟ್ಟೆ ಮೇಲೆ ಕೆಳಗೆ ಆದಾಗಲೆಲ್ಲ ಸುಳ್ಳು ಸದ್ದು ಹುಟ್ಟಿಸುತ್ತದೆ. ಆದ್ದರಿಂದ ಪ್ರತಿ ಜಾಗದಲ್ಲಿಯೂ ಹುಡುಕುವ ಮೊದಲು ನೆಲಕ್ಕೆ ಯಂತ್ರವನ್ನು ಹೊಂದಿಸಬೇಕು. ಲೋಹವಿಲ್ಲದ ತಾಣದಲ್ಲಿ ತಟ್ಟೆಯನ್ನು ಗೇಣಿನೆತ್ತರದಿಂದ ಉಸುಕಿನವರೆಗೆ ಏಳೆಂಟು ಸಲ ಎತ್ತಿ ಇಳಿಸಿ, ಸದ್ದು ಸಮವಾಗುವವರೆಗೆ ಗುಂಡಿಯನ್ನು ತಿರುಗಿಸುವುದೇ ಈ ಕೆಲಸ. ಬೀಚುಪಲ್ಲಿಯಲ್ಲಿ ಕೃಷ್ಣೆಯ ಉಸುಕಿಗೆ ಹೊಂದಿಸಿದ ಯಂತ್ರವನ್ನು ಹಾಗೆಯೇ ಒಯ್ದು ಆಲಂಪುರದ ಕಡೆಯ ತುಂಗಭದ್ರೆಯ ಉಸುಕಿನ ಮೇಲೆ ಬೀಸಿದರೆ ಅದು ಬೇರೆಯ ಮಾತಾಡುತ್ತದೆ. ಒಂದೇ ಜಿಲ್ಲೆಯ ಎರಡು ದಂಡಿಗಳಲ್ಲಿ ಎರಡು ಬಗೆಯ ಪಾಠ ಸಿಗುವುದು ನಡಿಗಡ್ಡದ ಭಾಗ್ಯ.

ಕಡಲದಂಡೆಯಲ್ಲಿ ಇದಕ್ಕೆ ಉಪ್ಪಿನ ತೊಂದರೆ ಸೇರುತ್ತದೆ. ಉಪ್ಪುನೀರು ಕುಡಿದ ಉಸುಕಿನಲ್ಲಿ ವಿದ್ಯುತ್ತು ಹರಿಯುವುದರಿಂದ ಒದ್ದೆ ದಂಡೆಯೇ ಒಂದು ದೊಡ್ಡ ಲೋಹದ ಹಾಳೆಯಂತೆ ನಡೆದುಕೊಳ್ಳುತ್ತದೆ. ಮಲ್ಪೆಯಲ್ಲೋ ಕಾರವಾರದಲ್ಲೋ ಅಲೆ ಒರೆಸಿಹೋದ ಜಾಗದಲ್ಲಿ ಒಂದೇ ಆವರ್ತನದ ಅಗ್ಗದ ಯಂತ್ರ ಬಾಯಿ ಮುಚ್ಚುವುದಿಲ್ಲ. ಅಲ್ಲಿಗೆ ಹಲವು ಆವರ್ತನಗಳಲ್ಲಿ ಒಟ್ಟಿಗೆ ಕೆಲಸ ಮಾಡುವ ಯಂತ್ರ ಬೇಕು, ಇಲ್ಲವೇ ಪಲ್ಸ್ ಇಂಡಕ್ಷನ್ ಎಂಬ ಬೇರೆ ಬಗೆಯದು. ಪಲ್ಸ್ ಯಂತ್ರ ಉಪ್ಪಿಗೂ ಕರಿಹರಳಿಗೂ ಅಷ್ಟಾಗಿ ಜಗ್ಗುವುದಿಲ್ಲ, ಆದರೆ ಮೊಳೆಯನ್ನೂ ಮೂಗುತಿಯನ್ನೂ ಬೇರೆ ಮಾಡಿ ಹೇಳಲಾರದು. ಹೊಳೆಯ ಸಿಹಿನೀರಿಗೆ ಈ ಉಪದ್ರವವಿಲ್ಲ. ಸಾಧಾರಣ ಬೆಲೆಯ ಒಂದು ಯಂತ್ರದಿಂದಲೇ ಕೃಷ್ಣೆಯ ಒಣ ಉಸುಕು, ಒದ್ದೆ ಉಸುಕು, ಪಾದ ಮುಳುಗುವ ನೀರು ಮೂರನ್ನೂ ಕಲಿಯಬಹುದು.

ಹೊರದೇಶದ ಕೈಪಿಡಿಗಳು ಹೊಸಬರಿಗೆ ಮೊದಲು ಹೇಳುವುದು, ಕಬ್ಬಿಣದ ಸದ್ದನ್ನು ಮುಚ್ಚಿಬಿಡಿ ಎಂದು. ಯಂತ್ರದಲ್ಲಿ ಅದಕ್ಕೊಂದು ವ್ಯವಸ್ಥೆಯಿದೆ. ಕಬ್ಬಿಣ ಬಂದರೆ ಅದು ಸುಮ್ಮನಿರುತ್ತದೆ. ಮೊಳೆ, ಪಿನ್ನು, ತಂತಿಗಳಿಂದ ಬಿಡುಗಡೆ ಸಿಗುತ್ತದೆ. ಭಾರತದ ಹೊಳೆದಂಡಿಯಲ್ಲಿ ಈ ಸಲಹೆ ತಪ್ಪು. 1988ರಿಂದ ಸಣ್ಣ ಪೈಸೆಗಳನ್ನೂ 1992ರಿಂದ ಒಂದು ರೂಪಾಯಿಯನ್ನೂ ಸರ್ಕಾರ ಫೆರಿಟಿಕ್ ಸ್ಟೀಲಿನಲ್ಲಿ ಅಚ್ಚು ಹಾಕಿಸಿದೆ. ಎರಡು ರೂಪಾಯಿಯೂ ಆಮೇಲೆ ಅದೇ ಲೋಹಕ್ಕೆ ಬಂತು. ಅಯಸ್ಕಾಂತಕ್ಕೆ ಅಂಟುವ ಸ್ಟೀಲು ಇದು. ಡಿಟೆಕ್ಟರಿನ ಕಣ್ಣಿಗೆ ಇದು ಕಬ್ಬಿಣವೇ. ಕಬ್ಬಿಣವನ್ನು ಮುಚ್ಚಿದವರು ಭಕ್ತರು ಹೊಳೆಗೆ ಎಸೆದ ರೂಪಾಯಿಗಳಲ್ಲಿ ಹೆಚ್ಚಿನವನ್ನು ತುಳಿದುಕೊಂಡೇ ಹೋಗುತ್ತಾರೆ. ಇಲ್ಲಿ ಕಲಿಯುವವರು ಎಲ್ಲ ಸದ್ದನ್ನೂ ತೆರೆದಿಟ್ಟು, ಕಿವಿಯಿಂದಲೇ ಬೇರೆ ಮಾಡುವುದನ್ನು ರೂಢಿಸಿಕೊಳ್ಳಬೇಕು. ಸ್ಟೀಲಿನ ದುಂಡುಬಿಲ್ಲೆಗೆ ಒಂದು ವಿಚಿತ್ರ ಗುಣವಿದೆ. ತಟ್ಟೆಯನ್ನು ಒಂದು ಕಡೆಯಿಂದ ಬೀಸಿದರೆ ಕಬ್ಬಿಣದ ಗುರುಗುರು ಕೇಳುತ್ತದೆ, ಇನ್ನೊಂದು ಕಡೆಯಿಂದ ಬೀಸಿದರೆ ಬೆಳ್ಳಿಯ ಹಾಗೆ ಮೇಲ್ದನಿ. ಸೋಡಾ ಬಾಟಲಿಯ ಮುಚ್ಚಳವೂ ಹೀಗೆಯೇ ವೇಷ ಹಾಕುತ್ತದೆ. ಎರಡನ್ನೂ ನೂರು ಸಲ ಅಗೆದು ನೋಡಿದ ಮೇಲೆ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಅದಕ್ಕೆ ಒಳದಾರಿ ಇಲ್ಲ.

ಈ ಸ್ಟೀಲಿನ ಗುಣವನ್ನು ಹೊಳೆದಂಡಿಯ ಹುಡುಗರು ಯಾವ ಕೈಪಿಡಿಯೂ ಇಲ್ಲದೆ ಕಂಡುಕೊಂಡಿದ್ದಾರೆ. ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ನೀರಿಗೆ ಎಸೆದು ಎಳೆದರೆ ರೂಪಾಯಿಗಳು ಕಚ್ಚಿಕೊಂಡು ಬರುತ್ತವೆ. ದೇಶದ ಅನೇಕ ಹೊಳೆಗಳಲ್ಲಿ, ಸ್ನಾನಘಟ್ಟಗಳ ಬಳಿ, ಸೇತುವೆಗಳ ಕೆಳಗೆ ಈ ದೃಶ್ಯ ಸಾಮಾನ್ಯ. ಆದರೆ ಅಯಸ್ಕಾಂತ ಎಲ್ಲವನ್ನೂ ತರುವುದಿಲ್ಲ. 2009ರಿಂದ ಬಂದ ಹಳದಿ ಬಣ್ಣದ ಐದು ರೂಪಾಯಿ ನಿಕ್ಕಲ್ ಹಿತ್ತಾಳೆಯದು, ಅದು ಅಂಟುವುದಿಲ್ಲ. ಅದಕ್ಕೂ ಹಿಂದಿನ ದಪ್ಪನೆಯ ಐದು ರೂಪಾಯಿ ತಾಮ್ರ ನಿಕ್ಕಲ್ ಬೆರಕೆ, ಅದೂ ಅಂಟುವುದಿಲ್ಲ. ಅಲೆಯಂಚಿನ ಹತ್ತು ಪೈಸೆಯಂಥ ಹಗುರ ಅಲ್ಯುಮಿನಿಯಂ ಬಿಲ್ಲೆಗಳು, ಬೆಳ್ಳಿಯ ಕಾಲುಂಗುರ, ತಾಮ್ರದ ನಾಗರ, ಮೂಗುಬೊಟ್ಟು ಇವೆಲ್ಲ ಅಯಸ್ಕಾಂತ ಹೋದ ಮೇಲೂ ಉಸುಕಿನಲ್ಲೇ ಉಳಿಯುತ್ತವೆ. ಡಿಟೆಕ್ಟರಿನ ನಿಜವಾದ ಕೆಲಸ ಶುರುವಾಗುವುದು ಹುಡುಗರ ಹಗ್ಗ ನಿಂತ ಜಾಗದಿಂದ.

ಹೊಳೆಗೆ ಹೋಗುವ ಮೊದಲು ಮನೆಯಂಗಳದಲ್ಲಿ ಒಂದು ವಾರ ಕಳೆಯುವುದು ಒಳ್ಳೆಯದು. ಒಂದು ಬುಟ್ಟಿ ಉಸುಕು ಹರಡಿ ಒಂದು ರೂಪಾಯಿ, ಹಳದಿ ಐದು ರೂಪಾಯಿ, ಹಳೆಯ ಹತ್ತು ಪೈಸೆ, ಒಂದು ಕಾಲುಂಗುರ, ಒಂದು ಮೊಳೆ, ಮಾತ್ರೆಯ ಹಾಳೆ, ಸೋಡಾ ಮುಚ್ಚಳ ಇಷ್ಟನ್ನೂ ಅಂತರ ಬಿಟ್ಟು ಹೂಳಬೇಕು. ಮೊದಲು ಎರಡು ಬೆರಳಿನಾಳ, ಆಮೇಲೆ ನಾಲ್ಕು, ಆಮೇಲೆ ಗೇಣು. ಯಾವುದು ಎಲ್ಲಿದೆ ಎಂದು ಗೊತ್ತಿದ್ದೇ ಬೀಸಿ, ಪರದೆಯ ಅಂಕಿಯನ್ನು ನೋಡದೆ ಸದ್ದನ್ನು ಮಾತ್ರ ಕೇಳಬೇಕು. ಬೀಸುವುದಕ್ಕೂ ರೀತಿಯಿದೆ. ತಟ್ಟೆ ನೆಲಕ್ಕೆ ಸಮಾನಾಂತರವಾಗಿ, ಒಂದಂಗುಲ ಮೇಲೆ ತೇಲುತ್ತಿರಬೇಕು. ಹೊಸಬರು ಕುಡುಗೋಲು ಬೀಸಿದ ಹಾಗೆ ಎರಡೂ ಕೊನೆಗಳಲ್ಲಿ ತಟ್ಟೆಯನ್ನು ಮೇಲಕ್ಕೆತ್ತುತ್ತಾರೆ. ಅಲ್ಲಿಯೇ ಆಳ ಕಳೆದುಹೋಗುತ್ತದೆ. ಒಂದು ಬೀಸಿಗೂ ಇನ್ನೊಂದಕ್ಕೂ ಅರ್ಧ ತಟ್ಟೆ ಮೇಲ್ಮೇಲೆ ಬರಬೇಕು. ಸದ್ದು ಬಂದಲ್ಲಿ ನಿಂತು, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಬೀಸಿ, ಎರಡು ಗೆರೆ ಕತ್ತರಿಸುವ ಬಿಂದುವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕು. ತೂತುಗಳಿರುವ ಸಲಿಕೆ ಅಥವಾ ತಂತಿಜಾಲರಿಯ ಜರಡಿ ಇದ್ದರೆ ಸಡಿಲ ಉಸುಕಿನಲ್ಲಿ ಕೆಲಸ ಸುಲಭ. ಬರಿಗೈಯಲ್ಲಿ ಅಗೆದರೆ ಪಕ್ಕದ ಉಸುಕು ಜಾರಿ ನಾಣ್ಯ ಮತ್ತೂ ಕೆಳಗಿಳಿಯುತ್ತದೆ.

ಹೊಳೆಯಲ್ಲಿ ಸಿಗುವುದರಲ್ಲಿ ಕಸವೇ ಹೆಚ್ಚು. ಅದನ್ನೂ ತಿಳಿದಿರಬೇಕು. ಬೆಸ್ತರ ಬಲೆಯಿಂದ ಕಳಚಿಬಿದ್ದ ಸೀಸದ ಗುಂಡುಗಳು ಒಳ್ಳೆಯ ನಾಣ್ಯದಂತೆಯೇ ಉಲಿಯುತ್ತವೆ. ಉಸುಕು ಹೇರುವ ಟ್ರ್ಯಾಕ್ಟರುಗಳ ಬೋಲ್ಟು, ಸರಪಳಿಯ ಕೊಂಡಿ, ಕೂದಲಿನ ಪಿನ್ನು, ದೀಪ ತೇಲಿಬಿಟ್ಟ ಬೆಳ್ಳಿಕಾಗದದ ದೊನ್ನೆ, ಮುಳ್ಳುತಂತಿ. ತೆಗೆದದ್ದನ್ನು ಮತ್ತೆ ಉಸುಕಿಗೆ ಎಸೆಯದೆ ಚೀಲಕ್ಕೆ ಹಾಕಿಕೊಂಡು ಬರುವುದು ಈ ವಿದ್ಯೆಯ ಮರ್ಯಾದೆ. ಬರಿಗಾಲಿನಲ್ಲಿ ಮೀಯಲು ಬರುವವರ ಪಾದಕ್ಕೆ ಚುಚ್ಚುವುದು ಇದೇ ಮೊಳೆ, ಇದೇ ತಂತಿ. ನಾಲ್ಕು ರೂಪಾಯಿ ಸಿಕ್ಕದ ದಿನವೂ ಒಂದು ಚೀಲ ಮೊಳೆ ಹೊಳೆಯಿಂದ ಹೊರಬಂದರೆ ಆ ದಿನ ವ್ಯರ್ಥವಲ್ಲ.

ಲೋಹ ಎಲ್ಲಿ ನಿಲ್ಲುತ್ತದೆಂಬುದನ್ನು ಹೊಳೆ ನಿರ್ಧರಿಸುತ್ತದೆ. ಉಸುಕಿನ ಕಣಕ್ಕಿಂತ ನಾಣ್ಯ ಭಾರ; ಪ್ರವಾಹ ಉಸುಕನ್ನು ಒಯ್ಯುವಾಗ ನಾಣ್ಯ ಹಿಂದುಳಿಯುತ್ತದೆ, ಕೆಳಗಿನ ಗಟ್ಟಿ ಜೇಡಿ ಅಥವಾ ಜಲ್ಲಿಯ ಪದರ ಸಿಕ್ಕುವವರೆಗೆ ಇಳಿಯುತ್ತದೆ. ಆಳವಾದ ಹೊಸ ಉಸುಕಿನ ದಿಬ್ಬ ನೋಡಲು ಚೆಂದ, ಹುಡುಕಲು ಬರಿದು. ಬಂಡೆಯ ಹಿಂಬದಿ, ತಿರುವಿನ ಒಳಮಗ್ಗುಲು, ಉಸುಕು ತೆಳುವಾಗಿ ಜಲ್ಲಿ ಇಣುಕುವ ಜಾಗ, ಇಲ್ಲಿ ಭಾರದ ವಸ್ತುಗಳು ಸೇರುತ್ತವೆ. ಕರಿಹರಳು ಗೆರೆಗಟ್ಟಿರುವುದು ಕಂಡರೆ ಹೊಳೆ ಅಲ್ಲಿ ಭಾರವಾದದ್ದನ್ನು ಇಳಿಸಿದೆ ಎಂದರ್ಥ. ನೀರಿನಿಂದ ಉಸುಕನ್ನು ತೊಳೆದು ಲೋಹದ ಕಣ ಬೇರ್ಪಡಿಸುತ್ತಿದ್ದವರನ್ನು ಕನ್ನಡದಲ್ಲಿ ಜಲಗಾರರು ಎನ್ನುತ್ತಿದ್ದರು. ಕಪ್ಪತಗುಡ್ಡದ ಹಳ್ಳಗಳಲ್ಲಿ ಬಂಗಾರದ ಕಣಕ್ಕಾಗಿ ಉಸುಕು ತೊಳೆದವರು ಅವರು.  ಜಲಗಾರರ ಕೈಯಲ್ಲಿ ಯಂತ್ರವಿರಲಿಲ್ಲ. ಹೊಳೆ ಎಲ್ಲಿ ಸೋತು ಭಾರ ಇಳಿಸುತ್ತದೆಂಬುದನ್ನು ಕಣ್ಣಿನಿಂದ ಓದುತ್ತಿದ್ದರು. ಡಿಟೆಕ್ಟರ್ ಕಲಿಯುವವರು ಅವರಿಂದ ಕಲಿಯಬೇಕಾದದ್ದು ಇದೇ.

ಮಹಾಪೂರ ಬಂದರೆ ಈ ಓದು ಮತ್ತೆ ಮೊದಲಿನಿಂದ. 2009ರ ಅಕ್ಟೋಬರಿನಲ್ಲಿ ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿ ರಾಯಚೂರು, ಆಲಂಪುರ, ಕರ್ನೂಲುಗಳನ್ನು ಮುಳುಗಿಸಿದಾಗ ದಂಡಿಗಳ ಆಕಾರವೇ ಬದಲಾಯಿತು. ಹಾಗೆಯೇ 1990ರ ದಶಕದಲ್ಲಿ ಜುರಾಲದ ಅಣೆಕಟ್ಟು ಎದ್ದ ಮೇಲೆ ಅದರ ಹಿಂದಿನ ಎಷ್ಟೋ ಉಸುಕಿನ ದಂಡಿಗಳು ಹಿನ್ನೀರಿನ ಕೆಳಗೆ ಹೋದವು. ಬೇಸಿಗೆಯಲ್ಲಿಯೂ ಅಣೆಕಟ್ಟಿನ ಕೆಳಗಿನ ಉಸುಕಿನ ಮೇಲೆ ನಿಂತವರು ಒಂದು ಕಣ್ಣನ್ನು ಮೇಲ್ಹರಿವಿನ ಮೇಲೆ ಇಟ್ಟಿರಬೇಕು. ಬಾಗಿಲು ತೆರೆದರೆ ನೀರು ಹೇಳಿ ಬರುವುದಿಲ್ಲ, ಹೆಡ್‌ಫೋನ್ ಹಾಕಿಕೊಂಡವರಿಗೆ ಸೈರನ್ನೂ ಕೇಳಿಸುವುದಿಲ್ಲ. ಒಂದು ಕಿವಿಯನ್ನು ತೆರೆದಿಟ್ಟುಕೊಳ್ಳುವುದು ಜೀವದ ಪ್ರಶ್ನೆ.

ಕೃಷ್ಣಾ ಊರಿನ ಬಳಿ ಇನ್ನೊಂದು ಅಡಚಣೆ. ಎದುರು ದಂಡಿಯಲ್ಲಿ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಅಲ್ಲಿಂದ ಹೊರಡುವ ಭಾರಿ ತಂತಿಸಾಲುಗಳು, ಹೊಳೆ ದಾಟುವ ಮುಂಬಯಿ ಚೆನ್ನೈ ರೈಲುಮಾರ್ಗದ ವಿದ್ಯುತ್ ತಂತಿ. ಇವುಗಳ ಆಸುಪಾಸಿನಲ್ಲಿ ಯಂತ್ರ ಲೋಹವಿಲ್ಲದೆಯೂ ಚಿಟಿಚಿಟಿ ಎನ್ನುತ್ತದೆ. ಸಂವೇದನೆಯನ್ನು ತಗ್ಗಿಸಿಕೊಂಡರೆ ಗದ್ದಲ ಇಳಿಯುತ್ತದೆ, ಜೊತೆಗೆ ಆಳವೂ ಇಳಿಯುತ್ತದೆ. ರೈಲಿನ ಕಿಟಕಿಯಿಂದ ಕೃಷ್ಣವೇಣಿಗೆ ಕೈಮುಗಿದು ಬಿಲ್ಲೆ ಎಸೆಯುವ ರೂಢಿ ಹಳೆಯದಾದ್ದರಿಂದ ಸೇತುವೆಯ ಕೆಳಗೆ ಹುಡುಕಲು ಆಸೆಯಾಗುವುದು ಸಹಜ. ಆದರೆ ರೈಲುಸೇತುವೆಯ ಬುಡದಲ್ಲಿ ಯಂತ್ರ ಹಿಡಿದು ಅಗೆಯುವವರನ್ನು ಕಾವಲಿನವರು ಸಂಶಯದಿಂದ ಕಂಡರೆ ಅದು ಅವರ ಕರ್ತವ್ಯ. ಆ ಜಾಗವನ್ನು ಬಿಡುವುದೇ ಸರಿ.

ಈ ಉಸುಕಿನಲ್ಲಿ ಹಳೆಯ ರೊಕ್ಕವೂ ಇದೆ. ನಿಜಾಮರ ಕಾಲದಲ್ಲಿ ಇಲ್ಲಿ ನಡೆದದ್ದು ಹಾಲಿ ಸಿಕ್ಕ ಎಂಬ ನಾಣ್ಯ. ಏಳು ಹಾಲಿ ರೂಪಾಯಿಗೆ ಆರು ಬ್ರಿಟಿಷ್ ರೂಪಾಯಿ ಎಂಬುದು ಅದರ ಲೆಕ್ಕ. ಚಾರ್ಮಿನಾರಿನ ಚಿತ್ರವಿರುವ ಬೆಳ್ಳಿಯ ಬಿಲ್ಲೆಗಳು ಈಗಲೂ ಅಜ್ಜಿಯರ ಗಂಟಿನಲ್ಲಿ ಸಿಗುತ್ತವೆ. ಆ ಬಿಲ್ಲೆಗಳಿಗೂ ಹಿಂದೆ ಹೈದರಾಬಾದಿನ ಅಧೀನದ ಗದ್ವಾಲ, ನಾರಾಯಣಪೇಟೆ, ಸುರಪುರ, ವನಪರ್ತಿಗಳಿಗೆ ತಮ್ಮವೇ ಟಂಕಸಾಲೆಗಳಿದ್ದವು. ನಾರಾಯಣಪೇಟೆಯ ರೂಪಾಯಿಯ ಮೇಲೆ ಟಂಕಸಾಲೆಯ ಹೆಸರು ದಿಲ್ಶಾದಾಬಾದ್ ಎಂದಿದೆ. ಇಂದು ಸೀರೆಗೂ ಬಂಗಾರದ ಅಂಗಡಿಗಳಿಗೂ ಹೆಸರಾದ ಪೇಟೆ ಒಂದು ಕಾಲಕ್ಕೆ ತನ್ನ ರೊಕ್ಕವನ್ನು ತಾನೇ ಅಚ್ಚು ಹಾಕಿಕೊಳ್ಳುತ್ತಿತ್ತು ಎಂಬುದನ್ನು ಅಲ್ಲಿಯ ಮಕ್ಕಳಿಗೆ ಶಾಲೆಯಲ್ಲಿ ಹೇಳಬೇಕು.

ಇಲ್ಲಿಯೇ ಈ ವಿದ್ಯೆಯ ಅತಿ ಮುಖ್ಯ ಪಾಠ ಎದುರಾಗುತ್ತದೆ. ಉಸುಕಿನಲ್ಲಿರುವ ಲೋಹ ಮೂರು ಬಗೆಯದು: ಯಾರೋ ಕಳೆದುಕೊಂಡದ್ದು, ಯಾರೋ ಹೊಳೆಗೆ ಕೊಟ್ಟದ್ದು, ಯಾರೋ ಹೂತಿಟ್ಟದ್ದು. ಡಿಟೆಕ್ಟರಿಗೆ ಮೂರೂ ಒಂದೇ ಸದ್ದು. ಬೇರೆ ಮಾಡಬೇಕಾದವರು ಅದನ್ನು ಹಿಡಿದವರು.

ಕೊಟ್ಟದ್ದರ ಮಾತು ಮೊದಲು. ಗುರುಗ್ರಹ ಕನ್ಯಾರಾಶಿಗೆ ಬಂದಾಗ ಕೃಷ್ಣೆಗೆ ಪುಷ್ಕರವೆಂಬ ಹೊಳೆಸ್ನಾನದ ಹಬ್ಬ, ಮಕರಕ್ಕೆ ಬಂದಾಗ ತುಂಗಭದ್ರೆಗೆ. 2016ರ ಆಗಸ್ಟ್ 12ರಿಂದ 23ರವರೆಗೆ ಬೀಚುಪಲ್ಲಿ ಮೊದಲಾದ ಘಟ್ಟಗಳಲ್ಲಿ, 2020ರ ನವೆಂಬರ್ 20ರಿಂದ ಡಿಸೆಂಬರ್ 1ರವರೆಗೆ ಆಲಂಪುರದ ಕಡೆ ಜನ ಮಿಂದರು, ಪಿಂಡವಿಟ್ಟರು, ಹೊಳೆಗೆ ಕಾಣಿಕೆ ಕೊಟ್ಟರು. ನೀರಿಗೆ ಎಸೆದ ರೂಪಾಯಿಯನ್ನು ಹುಡುಗರು ಆರಿಸಿಕೊಂಡರೆ ಯಾರೂ ಬೇಸರಿಸುವುದಿಲ್ಲ. ಅದು ಹೊಳೆಯೇ ಬಡವರಿಗೆ ಹಂಚಿದ ಹಾಗೆ. ಆದರೆ ಅಸ್ಥಿ ಬಿಡುವ ಜಾಗದಲ್ಲಿ, ತಾಮ್ರದ ನಾಗರವನ್ನೋ ಭಿನ್ನವಾದ ಮನೆದೇವರನ್ನೋ ಬಿಟ್ಟ ಜಾಗದಲ್ಲಿ ತಟ್ಟೆ ಬೀಸುವುದು ಸಲ್ಲದು. ಸಿಕ್ಕರೆ ಇದ್ದಲ್ಲೇ ಬಿಡಬೇಕು.

ಹೂತಿಟ್ಟದ್ದಕ್ಕೆ ಕಾಯಿದೆಯೇ ಇದೆ. ನಿಧಿಯ ಬಗ್ಗೆ ದೇಶದ ಹಳೆಯ ಕಾಯಿದೆ 1878ರದು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಹುದುಗಿದ ವಸ್ತು ಸಿಕ್ಕರೆ ಏನು, ಎಲ್ಲಿ, ಯಾವ ದಿನ ಸಿಕ್ಕಿತೆಂದು ಕಲೆಕ್ಟರಿಗೆ ಬರೆದು ತಿಳಿಸಬೇಕು ಎಂದು ಅದು ಹೇಳುತ್ತದೆ. ಮುಚ್ಚಿಟ್ಟವರಿಗೆ ಸೆರೆವಾಸವೂ ಆಗಬಹುದು. ಎದುರು ದಂಡಿಯ ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯಿದೆಯಿದೆ, ತೆಲಂಗಾಣಕ್ಕೆ 2017ರ ಪರಂಪರೆ ಕಾಯಿದೆಯಿದೆ. ಕೇಂದ್ರದ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಬಾದಾಮಿ ಚಾಲುಕ್ಯರು ಕಟ್ಟಿದ ಆಲಂಪುರದ ನವಬ್ರಹ್ಮ ಗುಡಿಗಳು ತುಂಗಭದ್ರೆಯ ದಂಡಿಯಲ್ಲೇ ಇವೆ. ಅಲ್ಲಿ ಡಿಟೆಕ್ಟರನ್ನು ಚೀಲದಿಂದ ಹೊರಗೆ ತೆಗೆಯಲೂಬಾರದು. ಗುಪ್ತನಿಧಿಯ ಆಸೆಗೆ ಬಿದ್ದವರು ಪಾಳುಗುಡಿಗಳ ಗರ್ಭಗೃಹ ಕೆಡವಿದ್ದು, ನಂದಿಯ ಬುಡ ಅಗೆದದ್ದು ಎರಡೂ ರಾಜ್ಯಗಳು ಕಂಡ ದುಃಖ. ಅಗೆದು ತೆಗೆದ ನಾಣ್ಯ ಅದು ಇದ್ದ ಪದರದ, ಪಕ್ಕದ ಮಡಕೆಚೂರಿನ ಸಂಬಂಧವನ್ನು ಕಳೆದುಕೊಳ್ಳುತ್ತದೆ. ಆಮೇಲೆ ಅದು ಬೆಳ್ಳಿಯ ತುಂಡು, ಚರಿತ್ರೆಯಲ್ಲ. ಒಂದೇ ಕಡೆ ಹಳೆಯ ನಾಣ್ಯಗಳು ಎರಡು ಮೂರು ಬಂದರೆ ಕೈ ನಿಲ್ಲಿಸಿ ತಹಶೀಲ್ದಾರರಿಗೆ ಹೇಳುವುದೇ ಬಲ್ಲವರ ನಡತೆ.

ಉಳಿದದ್ದು ಕಳೆದದ್ದು. ಡಿಟೆಕ್ಟರಿನ ಹುಟ್ಟು ಸಾರ್ಥಕವಾಗುವುದು ಇಲ್ಲಿಯೇ. ಮೀಯುವಾಗ ತಣ್ಣೀರಿಗೆ ಬೆರಳು ಸೊರಗಿ ಉಂಗುರ ಜಾರುತ್ತದೆ. ಒದ್ದೆ ಸೀರೆ ಹಿಂಡುವಾಗ ತಾಳಿಸರದ ಕೊಂಡಿ ಬಿಚ್ಚುತ್ತದೆ. ಕಳೆದ ಜಾಗದ ಸುತ್ತ ಜನ ಸೇರಿ ಕೈಯಾಡಿಸಿದಷ್ಟೂ ವಸ್ತು ಕೆಳಗಿಳಿಯುವುದರಿಂದ ಎಲ್ಲರನ್ನೂ ಹಿಂದಕ್ಕೆ ಸರಿಸುವುದು ಮೊದಲ ಕೆಲಸ. ನಾಲ್ಕು ಗೂಟ ನೆಟ್ಟು, ಹಗ್ಗ ಕಟ್ಟಿ, ಎರಡು ಅಡಿ ಅಗಲದ ಪಟ್ಟಿಗಳಾಗಿ ಜಾಗವನ್ನು ಹಂಚಿಕೊಂಡು, ಉದ್ದಕ್ಕೆ ಮುಗಿಸಿ ಮತ್ತೆ ಅಡ್ಡಕ್ಕೆ ಬೀಸಬೇಕು. ತೆಳುವಾದ ಬಂಗಾರದ ಸರ ಯಂತ್ರಕ್ಕೆ ಬಹಳ ಕಷ್ಟದ್ದು. ಬಿಡಿ ಕೊಂಡಿಗಳಲ್ಲಿ ಸುಳಿ ದೊಡ್ಡದಾಗಿ ಏಳುವುದಿಲ್ಲವಾದ್ದರಿಂದ ಇಡೀ ಸರ ಒಂದು ಕೊಂಡಿಯಷ್ಟೇ ಸದ್ದು ಮಾಡುತ್ತದೆ. ತಾಳಿಯ ಬಟ್ಟಲುಗಳು ಮಾತ್ರ ತುಂಬು ಲೋಹವಾದ್ದರಿಂದ ಚೆನ್ನಾಗಿ ಕೇಳಿಸುತ್ತವೆ. ಸರವನ್ನು ಹುಡುಕುವವರು ನಿಜಕ್ಕೂ ಹುಡುಕುವುದು ಬಟ್ಟಲನ್ನು. ಸಿಕ್ಕದ್ದನ್ನು ಕಳೆದುಕೊಂಡವರ ಅಂಗೈಯಲ್ಲಿ ಇಟ್ಟಾಗ ಆ ಮುಖದಲ್ಲಿ ಮೂಡುವುದಕ್ಕೆ ಯಾವ ಹಳೆಯ ನಾಣ್ಯವೂ ಸಮವಲ್ಲ.

ಕೆಲಸ ಮುಗಿದ ಮೇಲೆ ಅಗೆದ ಪ್ರತಿ ಗುಂಡಿಯನ್ನೂ ಮುಚ್ಚಿ ತುಳಿದು ಸಮ ಮಾಡಬೇಕು. ಸಂಜೆ ನೀರಿಗಿಳಿಯುವ ದನಗಳ ಕಾಲು ಸಿಕ್ಕುವುದು ಇಂಥ ಗುಂಡಿಗಳಲ್ಲಿ. ಹೊಳೆ ಒಂದು ಮೊಳ ಏರಿದರೆ ಅದೇ ಗುಂಡಿ ಕಣ್ಣಿಗೆ ಬೀಳದೆ ಮಕ್ಕಳನ್ನು ಬೀಳಿಸುತ್ತದೆ. ಕೃಷ್ಣೆಯ ಮುಂದಿನ ಪುಷ್ಕರ 2028ರಲ್ಲಿ. ಅಷ್ಟು ಹೊತ್ತಿಗೆ ಈ ವಿದ್ಯೆ ಕಲಿತ ನಾಲ್ಕು ಜನ ಪ್ರತಿ ಘಟ್ಟದಲ್ಲಿಯೂ ಇರಲಿ, ಮುಂಚಿತವಾಗಿ ಉಸುಕಿನ ಮೊಳೆ ತಂತಿಗಳನ್ನು ಆರಿಸಿ ತೆಗೆಯಲಿ, ಕಳೆದುಕೊಂಡವರ ಉಂಗುರ ಹುಡುಕಿಕೊಡಲಿ.